ಭಜನಾ ಮಂಡಳಿಗೂ ಒಂದು ಸೂರು ಬೇಕು

ಮಾನ್ಯರೇ,

ನಮ್ಮ ಕರಾವಳಿಯಲ್ಲಿ ಕೂಡಿ ಹಾಡುವುದು ಹೊಸತಲ್ಲ. ಅಂಕೋಲೆಯ ಹಾಲಕ್ಕಿ ಒಕ್ಕಲಿಗ ಮಹಿಳೆಯರ ಗುಂಪು ಹಾಡುಗಳ ಪರಂಪರೆಗೆ ಸೇರಿದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ನೆನಪಿದೆ. ಇನ್ನು ದೇವಸ್ಥಾನಗಳ ಭಜನಾ ಸಪ್ತಾಹದಲ್ಲಿ ಏಳು ಹಗಲು, ಏಳು ರಾತ್ರಿ ಹಾಡು ನಿಲ್ಲಬಾರದೆಂಬ ನಿಯಮವಿರುವುದರಿಂದ, ನಸುಕಿನ ಮೂರು ಗಂಟೆಯ ಪಾಳಿಗೂ ಜನರನ್ನು ಹೊಂದಿಸಬೇಕಾಗುತ್ತದೆ. ಕೇರಿಗೊಂದು ಮಂಡಳಿ ಹುಟ್ಟಿದ್ದು ಭಕ್ತಿಯಷ್ಟೇ ಈ ಪಾಳಿಯ ಒತ್ತಡದಿಂದಲೂ ಎಂದು ನನ್ನ ಅನಿಸಿಕೆ.

ನಮ್ಮ ಮಂಡಳಿಯೂ ಒಂದು ಹಾರ್ಮೋನಿಯಂ, ಎರಡು ಜೊತೆ ತಾಳಗಳೊಂದಿಗೆ ಮನೆಯೊಂದರ ಜಗಲಿಯಲ್ಲಿ ಆರಂಭವಾಯಿತು. ದಾಸರ ಪದದ ಬೆನ್ನಿಗೇ ಮರಾಠಿ ಅಭಂಗ, ಕೊಂಕಣಿ ಭಜನೆ ಬಂದರೂ ಯಾರೂ ಹುಬ್ಬೇರಿಸಲಿಲ್ಲ. ಮಹಿಳೆಯರು ಸೇರಿದ ಮೇಲೆ ಮಾತ್ರ ಶ್ರುತಿಯ ತಕರಾರು ಎದ್ದಿತು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಕಪ್ಪು ಒಂದು, ಹೆಂಗಸರಿಗೆ ಬಿಳಿ ಐದು. ತಿಂಗಳುಗಟ್ಟಲೆ ಚರ್ಚಿಸಿ (ಜಗಳವಾಡಿ ಎಂದರೂ ಸರಿಯೇ) ಒಂದು ಪದ ಅವರ ಶ್ರುತಿಗೆ, ಮುಂದಿನದು ಇವರ ಶ್ರುತಿಗೆ ಎಂದು ಒಪ್ಪಂದವಾಯಿತು.

ಈಗ ಸದಸ್ಯರು ಹೆಚ್ಚಿ ಜಗಲಿ ಸಾಲುತ್ತಿಲ್ಲ. ಮಳೆಗಾಲದಲ್ಲಂತೂ ಹಂಚಿನ ಸದ್ದಿಗೆ ತಾಳವೇ ಕೇಳಿಸದು. ಸಂಜೆ ಖಾಲಿ ಬೀಳುವ ಸರ್ಕಾರಿ ಶಾಲೆಯ ಸಭಾಭವನಗಳನ್ನು ವಾರಕ್ಕೆರಡು ದಿನ ಇಂಥ ಮಂಡಳಿಗಳ ಅಭ್ಯಾಸಕ್ಕೆ ತೆರೆದಿಡಲು ಸಂಬಂಧಪಟ್ಟವರು ಅನುಮತಿ ನೀಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಅಂಕೋಲಾ