ಕಿಟ್ಟಿಗೆ, ಇಂಟರ್ನೆಟ್ ಹಾಕಿಸುವ ಮುಂಚೆ

ಶಿವಮೊಗ್ಗ
ಭಾನುವಾರ ಬೆಳಗ್ಗೆ

ಚಿ. ಕಿಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ನಿನ್ನ ಅಪ್ಪ ಫೋನ್ ಮಾಡಿದ್ದ. ಕೆಂಗೇರಿ ಮನೆಯಲ್ಲಿ ಹಾಲುಕ್ಕಿಸಿ ಹದಿನೈದು ದಿನವಾಯಿತು, ಇನ್ನೂ ಇಂಟರ್ನೆಟ್ ಹಾಕಿಸಿಲ್ಲ, ಇಬ್ಬರೂ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಆಫೀಸು ನಡೆಸುತ್ತಿದ್ದಾರೆ ಅಂದ. ನಾಲ್ಕು ಕಂಪನಿಯ ಪ್ಲಾನುಗಳನ್ನು ಎಕ್ಸೆಲ್ ಶೀಟಿನಲ್ಲಿ ಹಾಕಿಕೊಂಡು ಅಳೆದು ತೂಗುತ್ತಿದ್ದೀಯಂತೆ. ನನಗೆ ನಗು ಬಂತು. ಹುಡುಗಿ ನೋಡುವಾಗಲೂ ಹೀಗೇ ಶೀಟ್ ಮಾಡಿದ್ದೆ ಅಂತ ಸುಮಾ ನನ್ನ ಹತ್ತಿರ ಹೇಳಿದ್ದಾಳೆ. ಅದರಲ್ಲಿ ಏನೋ ಪುಣ್ಯಕ್ಕೆ ಸರಿಹೋಯಿತು.

ರೇಟು, ಸ್ಪೀಡು, ಯಾವ ಓಟಿಟಿ ಫ್ರೀ, ಎಲ್ಲ ಬರೆದಿರುತ್ತೀಯ. ಒಂದು ಕಾಲಂ ಮಾತ್ರ ಇರುವುದಿಲ್ಲ ಅಂತ ನನಗೆ ಗ್ಯಾರಂಟಿ. ಲೈನ್ ಸತ್ತ ದಿನ ಬರುವವನು ಯಾರು? ಅದನ್ನು ಸೇರಿಸು ಅಂತ ಹೇಳುವುದಕ್ಕೇ ಈ ಕಾಗದ.

ನಿನಗೆ ಗೊತ್ತಲ್ಲ, ನಾನು 1983ರಲ್ಲಿ ಆಪರೇಟರ್ ಆಗಿ ಟೆಲಿಫೋನ್ ಇಲಾಖೆ ಸೇರಿದವಳು. 2020ರ ಜನವರಿ 31ಕ್ಕೆ ವಿಆರ್‌ಎಸ್ ತೆಗೆದುಕೊಂಡೆ. ಆ ಒಂದೇ ದಿನ ದೇಶದ ತುಂಬ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ಜನ ಹೊರಗೆ ಬಂದೆವು. ನಡುವೆ ಎಷ್ಟೋ ವರ್ಷ ಕೂತಿದ್ದು 198ರಲ್ಲಿ. ಫೋನ್ ಕೆಟ್ಟರೆ ದೂರು ಬರೆಸುವ ನಂಬರ್ ಅದು. ಮಲೆನಾಡಿನ ಮಳೆಗಾಲ, ಮರ ಬಿದ್ದು ತಂತಿ ಹರಿದರೆ ಬೆಳಗಿನಿಂದ ರಿಂಗು ನಿಲ್ಲುತ್ತಿರಲಿಲ್ಲ. ಬಾಡಿಗೆ ಜಾಸ್ತಿ ಆಯಿತು ಅಂತ ಅಲ್ಲಿಗೆ ಯಾರೂ ಫೋನ್ ಮಾಡಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ, "ಲೈನ್‌ಮನ್ ಯಾವಾಗ ಬರ್ತಾನಮ್ಮಾ?" ಅವನ ಹೆಸರು, ಸೈಕಲ್ಲು, ಊಟದ ಹೊತ್ತು ಎಲ್ಲ ಆ ಬೀದಿಯವರಿಗೆ ಗೊತ್ತಿರುತ್ತಿತ್ತು.

ಈಗ ಬಿಲ್ಲಿನ ಮೇಲೆ ಇರುವ ಹೆಸರೇ ಬೇರೆ, ನಿಮ್ಮ ಮನೆಗೆ ವೈರ್ ಎಳೆಯುವವನೇ ಬೇರೆ. ಎಷ್ಟೋ ಕಡೆ ಮೊದಲು ಟಿವಿ ಕೇಬಲ್ ಕೊಡುತ್ತಿದ್ದವನೇ ಈಗ ದೊಡ್ಡ ಕಂಪನಿಯ ಹೆಸರಿನಲ್ಲಿ ಫೈಬರ್ ಎಳೆಯುತ್ತಾನೆ. ಹಾಗಾಗಿ ಒಂದೇ ಕಂಪನಿ ಒಂದು ಬಡಾವಣೆಯಲ್ಲಿ ಚಿನ್ನ, ಪಕ್ಕದ ಬಡಾವಣೆಯಲ್ಲಿ ತಲೆನೋವು. ಆನ್‌ಲೈನಿನಲ್ಲಿ ಯಾರೋ ಕೊಟ್ಟ ಸ್ಟಾರ್ ನೋಡಿ ಏನೂ ತಿಳಿಯುವುದಿಲ್ಲ ಮಾರಾಯ. ನಿಮ್ಮ ಬ್ಲಾಕಿನಲ್ಲೇ ಮೇಲಿನ ಮನೆ, ಕೆಳಗಿನ ಮನೆ ಬಾಗಿಲು ತಟ್ಟು. "ಹೇಗಿದೆ" ಅಂತ ಕೇಳಬೇಡ, ಎಲ್ಲರೂ "ಪರವಾಗಿಲ್ಲ" ಅಂತಾರೆ. "ಕೊನೇ ಸಲ ಯಾವಾಗ ಹೋಗಿತ್ತು, ಎಷ್ಟು ದಿನಕ್ಕೆ ಸರಿಯಾಯಿತು" ಅಂತ ಕೇಳು. ಆಮೇಲೆ ಗೇಟಿನಲ್ಲಿ ವಾಚ್‌ಮನ್ ಹತ್ತಿರ ಹೋಗು. ಯಾವ ಕಂಪನಿ ಹುಡುಗರು ಏಣಿ ಹಿಡಿದುಕೊಂಡು ಜಾಸ್ತಿ ಬರುತ್ತಾರೆ ಅನ್ನುವುದು ಅವನಿಗೆ ಗೊತ್ತು. ಹೊಸ ಕನೆಕ್ಷನ್ನಿಗೆ ಬರುತ್ತಾರೋ, ರಿಪೇರಿಗೆ ಬರುತ್ತಾರೋ ಅಂತಲೂ ಕೇಳಿಕೋ. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ?

ಇಷ್ಟು ಹೇಳುವವಳು ನಾನೇ ಮೋಸ ಹೋದೆ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದ. ಇಸ್ತ್ರಿ ಶರ್ಟು, ಒಳ್ಳೆ ಮಾತು. 12 ತಿಂಗಳದ್ದು ಒಟ್ಟಿಗೆ ಕಟ್ಟಿದರೆ 1 ತಿಂಗಳು ಫ್ರೀ ಆಂಟಿ ಅಂದ. ಕಟ್ಟಿದೆ. ಎರಡು ತಿಂಗಳು ಚೆನ್ನಾಗಿತ್ತು. ಜೂನ್ ಮಳೆಗೆ ಎದುರುಮನೆಯ ಹಲಸಿನ ಕೊಂಬೆ ಬಿತ್ತು, ಮೋಡೆಮ್ಮಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ದೂರು ಕೊಟ್ಟೆ. ಮೂರನೇ ದಿನ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜು. ಇಲ್ಲಿ ಕೆಂಪು ದೀಪ ಹಾಗೇ ಉರಿಯುತ್ತಿದೆ! ಮತ್ತೆ ದೂರು, ಮತ್ತೆ ಅದೇ ಮೆಸೇಜು. 13 ದಿನ ಆಯಿತು. ಇಸ್ತ್ರಿ ಶರ್ಟಿನ ಹುಡುಗ ಫೋನ್ ಎತ್ತಲಿಲ್ಲ. ಬಿಟ್ಟುಬಿಡೋಣ ಎಂದರೆ ದುಡ್ಡು ವಾಪಸ್ ಇಲ್ಲ ಅಂದರು. 198ರಲ್ಲಿ ಕೂತು ಸಾವಿರಾರು ಜನಕ್ಕೆ ಸಮಾಧಾನ ಹೇಳಿದವಳಿಗೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಅದಕ್ಕೇ ಹೇಳುವುದು, ಮೊದಲು ತಿಂಗಳು ತಿಂಗಳು ಕಟ್ಟು. ಸ್ವಲ್ಪ ದುಬಾರಿ ಬೀಳುತ್ತದೆ, ಬೀಳಲಿ. ಒಂದು ಮಳೆಗಾಲ ದಾಟಲಿ, ಆಮೇಲೆ ವರ್ಷದ್ದು ನೋಡು. ದುಡ್ಡು ಕೊಡುವ ಮೊದಲು ಅವರ ಕಸ್ಟಮರ್ ಕೇರಿಗೆ ಒಂದು ಸಂಜೆ ಏಳು ಗಂಟೆಗೆ ಸುಮ್ನೆ ಫೋನ್ ಮಾಡಿ ನೋಡು. ಸೇಲ್ಸ್‌ಗೆ ಅಲ್ಲ, ದೂರಿನ ನಂಬರಿಗೆ. ಮನುಷ್ಯರ ದನಿ ಕೇಳುವುದಕ್ಕೆ ಎಷ್ಟು ನಿಮಿಷ ಹಿಡಿಯಿತು ಅಂತ ಆ ಶೀಟಿನಲ್ಲಿ ಬರೆ.

ಸ್ಪೀಡಿನ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ನಿನ್ನ ಅಪ್ಪನಿಗೆ ಹೇಳು, 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಇಳಿಯುವುದಿಲ್ಲ. ಸ್ಪೀಡು ಎಣಿಸುವುದು ಬಿಟ್‌ನಲ್ಲಿ, ಫೈಲು ಅಳೆಯುವುದು ಬೈಟ್‌ನಲ್ಲಿ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಅದಕ್ಕೆ ಎಂಟರಿಂದ ಭಾಗಿಸಬೇಕು, 12.5 ಎಂಬಿ ಅಷ್ಟೇ. ಅವನು ಕಂಪನಿಯವರು ಮೋಸ ಮಾಡಿದರು ಅಂತ ನನ್ನ ಹತ್ತಿರ ಜಗಳವಾಡಿದ್ದ. 2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಮಾಡಿದಾಗ 256 ಕೆಬಿಪಿಎಸ್, ಅಂದರೆ ಹೆಚ್ಚುಕಮ್ಮಿ ಕಾಲು ಎಂಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. ನಮ್ಮ ಕೌಂಟರಿಗೆ ಒಬ್ಬರು ಮೇಷ್ಟ್ರು ಆ ಕನೆಕ್ಷನ್ ಬಂತು ಅಂತ ಮೈಸೂರ್ ಪಾಕ್ ತಂದುಕೊಟ್ಟಿದ್ದರು. ಈಗ ನಿಮಗೆ 300 ಬೇಕೋ 500 ಬೇಕೋ ಅಂತ ಚಿಂತೆ. ಇಬ್ಬರೂ ಒಟ್ಟಿಗೆ ವಿಡಿಯೋ ಮೀಟಿಂಗ್ ಮಾಡಿ, ಟಿವಿಯೂ ಓಡಿದರೂ 100 ಸಾಕು. ಅಪ್‌ಲೋಡ್ ಎಷ್ಟು ಅಂತ ಮಾತ್ರ ಬಿಡಿಸಿ ಕೇಳು. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಡೌನ್‌ಲೋಡನ್ನು. ಮೀಟಿಂಗಿನಲ್ಲಿ ನಿನ್ನ ಮುಖ ಕಲ್ಲಾಗಿ ನಿಲ್ಲುವುದು ಎಷ್ಟೋ ಸಲ ಅಪ್‌ಲೋಡ್ ಕಮ್ಮಿ ಇದ್ದರೆ. ಮತ್ತೆ 499 ಅಂದರೆ 499 ಅಲ್ಲ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 589 ಹತ್ತಿರ ಹೋಗುತ್ತದೆ.

ವೈರೇ ಇಲ್ಲದ 5ಜಿ ಡಬ್ಬಿಯೂ ಬಂದಿದೆಯಲ್ಲ, ಏರ್‌ಫೈಬರ್ ಅಂತ. ಫೈಬರ್ ಬರದ ಕಡೆ ಅದು ದೇವರು ಕೊಟ್ಟ ಹಾಗೆ. ನಿಮ್ಮ ಕಟ್ಟಡದ ತನಕ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸು.

ಹಾಕಲು ಬಂದ ದಿನ ರಜೆ ಹಾಕಿಯಾದರೂ ಮನೆಯಲ್ಲಿ ಇರು. ಫೈಬರ್ ಅಂದರೆ ಒಳಗೆ ಕೂದಲೆಳೆಯಂಥ ಗಾಜು. ತಾಮ್ರದ ತಂತಿ ತರ ಮೂಲೆಯಲ್ಲಿ ಮಡಚಿ ಕ್ಲಿಪ್ ಹೊಡೆದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಮೂಲೆ ಬಂದ ಕಡೆ ಬಳೆಯಷ್ಟು ಅಗಲಕ್ಕೆ ಸುತ್ತಿಸು. ಅವರ ಹತ್ತಿರ ಕೈಯಲ್ಲಿ ಹಿಡಿಯುವ ಪುಟ್ಟ ಪವರ್ ಮೀಟರ್ ಇರುತ್ತದೆ, ಫೈಬರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೋಡೆಮ್ಮಿಗೆ ಸಿಕ್ಕಿಸುವ ಮುಂಚೆ ಅದರಲ್ಲಿ ಎಷ್ಟು ತೋರಿಸುತ್ತದೆ ಅಂತ ನೋಡು. ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 27ರ ಹತ್ತಿರ ಹೋಗಿದ್ದರೆ ಇವತ್ತು ಓಡುತ್ತದೆ, ನಾಳೆ ನಿಲ್ಲುತ್ತದೆ. "ಓಡ್ತಾ ಇದೆಯಲ್ಲ ಸಾರ್" ಅಂತಾನೆ. ಒಪ್ಪಬೇಡ, ಕನೆಕ್ಟರ್ ಇನ್ನೊಂದು ಸಲ ಮಾಡಿಸು. ಮೀಟರಿನ ಫೋಟೋ ತೆಗೆದಿಟ್ಟುಕೋ. ಆ ಹುಡುಗನ ಹೆಸರು, ನಂಬರ್ ಕೂಡ ಬರೆದುಕೋ, ಕಾಫಿ ಕೊಡು. ಇದು ಲಂಚ ಅಲ್ಲ ಮತ್ತೆ, ಬಿಸಿಲಲ್ಲಿ ಏಣಿ ಹತ್ತಿ ಬಂದಿರುತ್ತಾನೆ.

ಮೋಡೆಮ್ಮನ್ನು ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟುಹೋಗುತ್ತಾರೆ, ಅವರಿಗೆ ಅದೇ ಸುಲಭ. ಮನೆಯ ನಡುವೆ, ಎದೆಮಟ್ಟದಲ್ಲಿ ಇಡಿಸು. ಫ್ರಿಜ್ಜಿನ ಹಿಂದೆ, ಸ್ಟೀಲ್ ಕಪಾಟಿನೊಳಗೆ ಇಟ್ಟರೆ ಒಳರೂಮಿಗೆ ಬರುವುದಿಲ್ಲ. ಆಮೇಲೆ ಸ್ಪೀಡ್ ಇಲ್ಲ ಅಂತ ಕಂಪನಿಗೆ ಬೈದು ಏನು ಪ್ರಯೋಜನ?

ಇನ್ನೊಂದು. ನಮ್ಮ ಕಾಲದ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಗೆಲ್ಲ ಕರೆಂಟ್ ಹೋಗಿದ್ದರೂ ಫೋನ್ ಮಾತಾಡುತ್ತಿತ್ತು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ, ಮನೆ ಕರೆಂಟ್ ಹೋದರೆ ಮೋಡೆಮ್ಮೂ ಹೋಗುತ್ತದೆ. ಅದಕ್ಕೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಮೋಡೆಮ್ಮಿನ ವೋಲ್ಟ್ ನೋಡಿಕೊಂಡು ತಗೋ.

ಏನಾದರೂ ಕೆಟ್ಟರೆ ದೂರಿನ ಡಾಕೆಟ್ ನಂಬರ್ ಇಸಿದುಕೊಳ್ಳದೆ ಫೋನ್ ಇಡಬೇಡ. ಸರಿಮಾಡದೇ ಮುಚ್ಚಿದರೆ ಅದೇ ಕಂಪನಿಯಲ್ಲಿ ಅಪೀಲು ಕೇಳುವ ಅಧಿಕಾರಿ ಇರುತ್ತಾರೆ, ಡಾಕೆಟ್ ನಂಬರ್ ಹಾಕಿ ಅವರಿಗೆ ಬರೆ. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ನನ್ನ ಹಲಸಿನ ಕೊಂಬೆ ಪ್ರಕರಣದಲ್ಲಿ ನಾನು ಇದನ್ನೆಲ್ಲ ಮಾಡಿದ್ದು 13ನೇ ದಿನ. 3ನೇ ದಿನವೇ ಮಾಡಬೇಕಿತ್ತು.

ಫೈಬರ್ ಜೊತೆ ಲ್ಯಾಂಡ್‌ಲೈನ್ ನಂಬರನ್ನೂ ಕೊಡುತ್ತಾರೆ, ಎಷ್ಟೋ ಜನ ಅದಕ್ಕೆ ಫೋನೇ ಸಿಕ್ಕಿಸುವುದಿಲ್ಲ. ನೀನು ಸಿಕ್ಕಿಸು. ಅಟ್ಟದ ಮೇಲೆ ನನ್ನ ಒಂದು ಹಳೇ ಬಟನ್ ಫೋನ್ ಇದೆ, ನಿನ್ನ ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ನಂಬರ್ ಬಂದ ದಿನ ಮೊದಲ ಫೋನ್ ನನಗೆ ಮಾಡು. ಎಸ್‌ಟಿಡಿ ಕೋಡ್ 080 ಸೇರಿಸಿ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. "ಕೆ" ಪುಟದಲ್ಲಿ ಜಾಗ ಇದೆ.

ಇಂತು,
ನಿನ್ನ ಅತ್ತೆ