ಹಳೆಯ ಕ್ಯಾಮೆರಾ ಕೊಳ್ಳುವವರೇ, ಮೆಗಾಪಿಕ್ಸೆಲ್ ಬಿಟ್ಟು ರಿಪೇರಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಬೇಡಿಕೆ ಬಂದಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಖುಷಿಯಾಯಿತು. ಬೀರುವಿನಲ್ಲಿ ಬಿದ್ದಿದ್ದ ಕ್ಯಾಮೆರಾಗಳನ್ನು ಈಗಿನ ಹುಡುಗ ಹುಡುಗಿಯರು ಹೊರಗೆ ತೆಗೆಯುತ್ತಿದ್ದಾರೆ ಅಂದರೆ ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದ ನನ್ನಂಥವನಿಗೆ ಖುಷಿ ಆಗದೇ ಇರುತ್ತದೆಯೇ? ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಹಳೆಯದನ್ನೇ ಕೊಳ್ಳುವುದಾದರೆ ಜೇಬಿಗೆ ಹಿಡಿಸುವ ಕಾಂಪ್ಯಾಕ್ಟ್ ಸಾಕು, ಹಳೆಯ ಡಿಎಸ್‌ಎಲ್‌ಆರ್ (ಲೆನ್ಸ್ ಬಿಚ್ಚಿ ಬದಲಾಯಿಸಬಹುದಾದ, ಒಳಗೆ ಕನ್ನಡಿ ಇರುವ ದೊಡ್ಡ ಕ್ಯಾಮೆರಾ) ಬರೀ ಭಾರ ಎಂಬ ಅರ್ಥ ಬರುವಂತೆ ಅದರಲ್ಲಿ ಬರೆದಿತ್ತು. ಇದು ಅರ್ಧ ಸತ್ಯ. ಉಳಿದ ಅರ್ಧ ಗೊತ್ತಿಲ್ಲದೆ ಕೊಂಡವರು ಆರು ತಿಂಗಳಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ.

ಲೇಖನ ಓದಿದ ದಿನವೇ ತಂಗಿಯ ಮಗಳು ಫೋನ್ ಮಾಡಿದಳು. "ಮಾಮ, ಎರಡು ಕ್ಯಾಮೆರಾ ಸಿಗ್ತಾ ಇವೆ. ಒಂದು ಕ್ಯಾನನ್ ಎಸ್90, ಇನ್ನೊಂದು ನಿಕಾನ್ ಡಿ40. ಯಾವುದು ತಗೊಳ್ಳಲಿ?" ಅಂದಳು. ಎಸ್90 ಕಾಂಪ್ಯಾಕ್ಟ್, ಡಿ40 ಡಿಎಸ್‌ಎಲ್‌ಆರ್. ಜೊತೆಗೆ, "ಎಸ್90 ಹತ್ತು ಮೆಗಾಪಿಕ್ಸೆಲ್, ಡಿ40 ಬರೀ ಆರು. ಎಸ್90ಯೇ ಒಳ್ಳೇದು ಅಲ್ವಾ?" ಅಂತಲೂ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಪ್ರಶ್ನೆ ಇನ್ನೂ ಎಷ್ಟೋ ಮಂದಿಗೆ ಇರಬಹುದು.

ಮೆಗಾಪಿಕ್ಸೆಲ್ ವಿಷಯ ಮೊದಲು ಮುಗಿಸಿಬಿಡೋಣ, ಅದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಡಿ40 ಕೊಡುವ ಫೋಟೊ 3008 ಪಿಕ್ಸೆಲ್ ಅಗಲ, 2000 ಪಿಕ್ಸೆಲ್ ಎತ್ತರ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಹತ್ತು ಇಂಚು ಅಗಲದ ಪ್ರಿಂಟ್ ಆರಾಮಾಗಿ ಬರುತ್ತದೆ. ಫೋನ್ ಪರದೆಯ ಮೇಲೆ ನೋಡುವುದಕ್ಕಂತೂ ಆರು ಮೆಗಾಪಿಕ್ಸೆಲ್ ಬೇಕಾದಷ್ಟಾಯಿತು.

ನೋಡಬೇಕಾದ್ದು ಸೆನ್ಸರ್ ಅಳತೆ. ಬೆಳಕು ಬೀಳುವ ಜಾಗ ಎಷ್ಟು ದೊಡ್ಡದು ಅನ್ನುವುದು. 2006ರಲ್ಲಿ ಬಂದ ಡಿ40ಯ ಸೆನ್ಸರ್ 23.7 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ. ಆ ಕಾಲದ ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ ಇರುತ್ತಿದ್ದದ್ದು ಹೆಚ್ಚುಕಡಿಮೆ 5.8ಕ್ಕೆ 4.3 ಮಿಲಿಮೀಟರಿನ ಸೆನ್ಸರ್, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಗುಣಿಸಿ ನೋಡಿ, ಹದಿನೈದು ಪಟ್ಟು ವ್ಯತ್ಯಾಸ. ಸಂಜೆ ದೀಪ ಹಚ್ಚಿದ ಮೇಲೆ ಮನೆಯೊಳಗೆ ತೆಗೆದ ಫೋಟೊದಲ್ಲಿ ಇದು ತಟ್ಟನೆ ಕಾಣುತ್ತದೆ. ಚಿಕ್ಕ ಸೆನ್ಸರಿನದು ಮರಳು ಚೆಲ್ಲಿದ ಹಾಗೆ ಆಗಿರುತ್ತದೆ, ಮುಖದ ಬಣ್ಣ ಕಲಸಿಹೋಗಿರುತ್ತದೆ.

ಹಾಗಂತ ಎಲ್ಲ ಕಾಂಪ್ಯಾಕ್ಟ್‌ಗಳೂ ಒಂದೇ ಅಲ್ಲ. 2009ರ ಎಸ್90, 2008ರ ಪ್ಯಾನಸೋನಿಕ್ ಎಲ್‌ಎಕ್ಸ್3 ಇವೆರಡರ ಸೆನ್ಸರ್ ಕೊಂಚ ದೊಡ್ಡದು, ಲೆನ್ಸ್ ಎಫ್2ರವರೆಗೆ, ಅಂದರೆ ಬೆಳಕು ಹೆಚ್ಚು ಬರುವಷ್ಟು ಅಗಲಕ್ಕೆ ತೆರೆಯುತ್ತದೆ, ಕ್ಯಾಮೆರಾ ತಿದ್ದದ ರಾ ಫೈಲ್ ಕೂಡ ಸಿಗುತ್ತದೆ. 2006ರ ಫ್ಯೂಜಿ ಎಫ್30 ಕಡಿಮೆ ಬೆಳಕಿನಲ್ಲಿ ತನ್ನ ಓರಗೆಯ ಕಾಂಪ್ಯಾಕ್ಟ್‌ಗಳನ್ನೆಲ್ಲ ಹಿಂದೆ ಹಾಕಿತ್ತು. 2012ರ ಸೋನಿ ಆರ್‌ಎಕ್ಸ್100 ಬಂದಾಗ ಜೇಬಿನ ಕ್ಯಾಮೆರಾಕ್ಕೆ 13.2ಕ್ಕೆ 8.8 ಮಿಲಿಮೀಟರಿನ ಸೆನ್ಸರ್ ಸಿಕ್ಕಿತು. ಅದು ದೊಡ್ಡ ಜಿಗಿತ. ಹಾಗಾಗಿ ಕಾಂಪ್ಯಾಕ್ಟ್ ಅಂದ ತಕ್ಷಣ ಮೂಗು ಮುರಿಯುವವನು ನಾನಲ್ಲ. ನನ್ನ ಮಗ ಅಂಬೆಗಾಲಿಟ್ಟ ದಿನದ ಫೋಟೊ ಇರುವುದೇ ಕಾಂಪ್ಯಾಕ್ಟ್‌ನಿಂದ. ಡಿಎಸ್‌ಎಲ್‌ಆರ್ ಆ ಹೊತ್ತಿಗೆ ಬ್ಯಾಗಿನೊಳಗೆ ಇತ್ತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಹೊಸ ಕ್ಯಾಮೆರಾ ಕೊಳ್ಳುವಾಗ ಅದು ಏನೇನು ಮಾಡುತ್ತದೆ ಎಂದು ನೋಡುತ್ತೇವೆ. ಹದಿನೈದು, ಇಪ್ಪತ್ತು ವರ್ಷ ಹಳೆಯದನ್ನು ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದು ಹೇಗೆ ಕೆಡುತ್ತದೆ, ಕೆಟ್ಟರೆ ಏನು ಮಾಡಬಹುದು ಅನ್ನುವುದನ್ನು. ಡಿಎಸ್‌ಎಲ್‌ಆರ್‌ನಲ್ಲಿ ಕೆಡುವ ಭಾಗಗಳು ಬೇರೆ ಬೇರೆ. ಲೆನ್ಸ್ ಕೆಟ್ಟರೆ ಲೆನ್ಸ್ ಬದಲಾಯಿಸಿ, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೆಟ್ಟರೆ ಅದೇ ಲೆನ್ಸಿಗೆ ಇನ್ನೊಂದು ಹಳೆಯ ಬಾಡಿ ಹುಡುಕಿ. ಕಾಂಪ್ಯಾಕ್ಟ್ ಹಾಗಲ್ಲ. ಲೆನ್ಸ್, ಬೆಳಕನ್ನು ಒಳಬಿಟ್ಟು ಮುಚ್ಚುವ ಶಟರ್, ಸೆನ್ಸರ್ ಎಲ್ಲ ಒಂದೇ ಗಂಟು. ಒಂದು ಕೈಕೊಟ್ಟರೆ ಇಡೀ ಕ್ಯಾಮೆರಾ ಮೂಲೆ ಸೇರುತ್ತದೆ.

ನನಗೇ ಆದ ಅನುಭವ ಇದು. ಒಂದು ಕಾಂಪ್ಯಾಕ್ಟ್ ನಾಲ್ಕು ವರ್ಷ ನನ್ನ ಜೇಬಿನಲ್ಲೇ ಇತ್ತು. ಒಂದು ಸಲ ಸಮುದ್ರದ ದಂಡೆಯಿಂದ ಬಂದ ಮೇಲೆ ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಬಂದು ಕರಕರ ಸದ್ದು ಮಾಡಿ ನಿಂತುಬಿಟ್ಟಿತು, ಪರದೆಯ ಮೇಲೆ ಲೆನ್ಸ್ ಎರರ್ ಎಂದು ಬಂತು, ಆಮೇಲೆ ಎಷ್ಟು ಸಲ ಆನ್ ಆಫ್ ಮಾಡಿದರೂ ಅದೇ ಕತೆ. ಒಳಗೆ ಸೇರಿಕೊಂಡಿದ್ದದ್ದು ಒಂದೋ ಎರಡೋ ಮರಳಿನ ಕಣ. ರಿಪೇರಿಯವರು ಬಿಚ್ಚಿ ನೋಡಿ, ಲೆನ್ಸ್ ಘಟಕವನ್ನೇ ಪೂರ್ತಿ ಬದಲಾಯಿಸಬೇಕು, ಆ ಭಾಗ ಈಗ ಬರುತ್ತಿಲ್ಲ ಎಂದು ವಾಪಸ್ ಕೊಟ್ಟರು. ಸೆನ್ಸರ್ ಚೆನ್ನಾಗಿತ್ತು, ಬ್ಯಾಟರಿ ಚೆನ್ನಾಗಿತ್ತು, ಒಂದು ಗೀರೂ ಇರಲಿಲ್ಲ. ಆದರೂ ಅದು ಇವತ್ತಿಗೂ ಡ್ರಾಯರ್‌ನಲ್ಲಿದೆ, ಲೆನ್ಸ್ ಅರ್ಧ ಹೊರಗೆ ಚಾಚಿಕೊಂಡು. ಎಸೆಯಲು ಮನಸ್ಸು ಬಂದಿಲ್ಲ.

ಧೂಳಿನ ಕತೆಯೂ ಹೀಗೇ. ಡಿಎಸ್‌ಎಲ್‌ಆರ್ ಸೆನ್ಸರಿಗೆ ಧೂಳು ಕೂರುವುದು ಜಾಸ್ತಿ, ಯಾಕೆಂದರೆ ಲೆನ್ಸ್ ತೆಗೆದು ಹಾಕುತ್ತಿರುತ್ತೇವೆ. ಆದರೆ ಮೆನುವಿನಲ್ಲಿ ಕನ್ನಡಿ ಮೇಲೆತ್ತುವ ಆಯ್ಕೆ ಇರುತ್ತದೆ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು, ಕನ್ನಡಿ ಎತ್ತಿ, ರಬ್ಬರ್ ಬ್ಲೋವರ್‌ನಿಂದ ನಾಲ್ಕು ಸಲ ಗಾಳಿ ಊದಿದರೆ ಬಹಳಷ್ಟು ಹೋಗುತ್ತದೆ. ಬಾಯಿಂದ ಮಾತ್ರ ಊದಬೇಡಿ, ಉಗುಳು ಸಿಡಿದರೆ ಧೂಳಿಗಿಂತ ಕಷ್ಟ. ಕಾಂಪ್ಯಾಕ್ಟ್ ಒಳಗೆ ಧೂಳು ಸೇರಿದರೆ ಇಡೀ ಕ್ಯಾಮೆರಾ ಬಿಚ್ಚದೆ ತೆಗೆಯಲು ದಾರಿಯೇ ಇಲ್ಲ, ಪ್ರತಿ ಫೋಟೊದಲ್ಲೂ ಆಕಾಶದ ಅದೇ ಜಾಗದಲ್ಲಿ ಅದೇ ಮಸುಕು ಚುಕ್ಕೆ.

ಇನ್ನು ಆ "ಸಿಸಿಡಿ ಬಣ್ಣ"ದ ಮಾತು. ಹಳೆಯ ಕಾಂಪ್ಯಾಕ್ಟ್‌ಗಳಲ್ಲಿ ಸಿಸಿಡಿ ಸೆನ್ಸರ್ ಇರುವುದರಿಂದಲೇ ಬಣ್ಣ ಬೇರೆ ಥರ ಬರುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಸಿಸಿಡಿ ಅಂದರೆ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಒಂದು ಬಗೆಯ ಚಿಪ್, 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಹುಟ್ಟುಹಾಕಿದ್ದು, 2009ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಅದರ ಬಗ್ಗೆ ನನಗೂ ಗೌರವ ಇದೆ. ಆದರೆ ಆ ಸೆನ್ಸರ್ ಮಾಡುವ ಕೆಲಸ ಬೆಳಕು ಎಷ್ಟು ಬಿತ್ತು ಎಂದು ಅಳೆಯುವುದು. ಬಣ್ಣ ಬರುವುದು ಅದರ ಮೇಲೆ ಕೂರಿಸಿದ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಿಂದ, ಆಮೇಲೆ ಕ್ಯಾಮೆರಾದೊಳಗಿನ ಪ್ರೊಸೆಸರ್ ಆ ಲೆಕ್ಕವನ್ನು ಚಿತ್ರ ಮಾಡುವ ರೀತಿಯಿಂದ. ಹುಡುಗರು ಮೆಚ್ಚುವ ಆ ನೋಟಕ್ಕೆ ಅರ್ಧ ಕಾರಣ ಲೆನ್ಸ್ ಪಕ್ಕದಲ್ಲೇ ಇರುವ ಪುಟ್ಟ ಫ್ಲ್ಯಾಶ್. ಮುಖ ಬೆಳ್ಳಗೆ, ಹಿಂದೆ ಕತ್ತಲು, ಗೋಡೆಯ ಮೇಲೆ ಚೂಪು ನೆರಳು. ಡಿಎಸ್‌ಎಲ್‌ಆರ್‌ನ ಪುಟ್ಟ ಫ್ಲ್ಯಾಶ್ ಎತ್ತಿ ತೆಗೆದರೂ ಹೆಚ್ಚುಕಡಿಮೆ ಅದೇ ಬರುತ್ತದೆ, ಒಮ್ಮೆ ತೆಗೆದು ನೋಡಿ. ಅಷ್ಟಕ್ಕೂ ಸಿಸಿಡಿಯೇ ಬೇಕು ಅಂದರೆ ಡಿ40 ಒಳಗಿರುವುದೂ ಸಿಸಿಡಿಯೇ! ನಿಕಾನ್ ಡಿ50, ಡಿ70, ಡಿ80, ಪೆಂಟ್ಯಾಕ್ಸ್ ಕೆ100ಡಿ, ಕೆ10ಡಿ ಇವೆಲ್ಲದರಲ್ಲೂ ಅದೇ. ಈ ಮಾತನ್ನು ಯಾರೂ ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ.

ಮಕ್ಕಳ ಫೋಟೊ ತೆಗೆಯುವವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಹಳೆಯ ಕಾಂಪ್ಯಾಕ್ಟ್‌ನಲ್ಲಿ ಬಟನ್ ಒತ್ತಿದ ಮೇಲೆ ಲೆನ್ಸ್ ಹಿಂದೆ ಮುಂದೆ ಸರಿದು, ಎಲ್ಲಿ ಚಿತ್ರ ಚೂಪಾಗಿದೆ ಎಂದು ತಡಕಾಡಿ, ಆಮೇಲೆ ಕ್ಲಿಕ್ ಆಗುತ್ತದೆ. ಅಷ್ಟರಲ್ಲಿ ಮಗು ನಕ್ಕು ಮುಗಿದಿರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್‌ಗೆಂದೇ ಬೇರೆ ಸೆನ್ಸರ್ ಇರುತ್ತದೆ. ಲೆನ್ಸ್ ಯಾವ ಕಡೆಗೆ, ಎಷ್ಟು ಸರಿಯಬೇಕು ಎಂದು ಅದು ಒಂದೇ ನೋಟಕ್ಕೆ ಹೇಳುತ್ತದೆ. 2006ರ ಡಿಎಸ್‌ಎಲ್‌ಆರ್ ಕೂಡ ಒತ್ತಿದ ಕೂಡಲೇ ಕ್ಲಿಕ್ ಅನ್ನುತ್ತದೆ. ಬಿಸಿಲಿನಲ್ಲಂತೂ ವ್ಯೂಫೈಂಡರ್‌ಗೆ ಕಣ್ಣಿಟ್ಟು ನೋಡುವ ಸುಖವೇ ಬೇರೆ, ಹಳೆಯ ಕಾಂಪ್ಯಾಕ್ಟ್‌ನ ಮಂಕು ಪರದೆಯಲ್ಲಿ ನಮ್ಮ ಮುಖವೇ ನಮಗೆ ಕಾಣುತ್ತಿರುತ್ತದೆ.

ಹಾಗಾದರೆ ಡಿಎಸ್‌ಎಲ್‌ಆರ್‌ನಲ್ಲಿ ಮೋಸಹೋಗುವ ಜಾಗ ಇಲ್ಲವೇ? ಇದೆ. ಡಿ40 ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಮೋಟರ್ ಲೆನ್ಸಿನೊಳಗೇ ಇರಬೇಕು, ನಿಕಾನ್ ಲೆನ್ಸ್‌ಗಳಲ್ಲಿ ಎಎಫ್-ಎಸ್ ಎಂದು ಬರೆದಿರುವಂಥವು. ಇದು ತಿಳಿಯದೆ ಮೋಟರ್ ಇಲ್ಲದ ಹಳೆಯ 50 ಎಂಎಂ ಎಎಫ್-ಡಿ ಲೆನ್ಸ್ ಕೊಂಡು, ಆಟೊಫೋಕಸ್ ಕೆಟ್ಟಿದೆ ಅಂದುಕೊಂಡವರನ್ನು ನಾನೇ ನೋಡಿದ್ದೇನೆ. 2008ರ ಡಿ90ಯಲ್ಲಿ ಬಾಡಿಯೊಳಗೇ ಮೋಟರ್ ಇದೆ, ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್ ಕೂಡ ಅದೇ. ಕ್ಯಾನನ್‌ನಲ್ಲಿ ಈ ತಲೆಬಿಸಿ ಇಲ್ಲ, 1987ರಲ್ಲಿ ಇಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರಿಸುವ ಜೋಡಣೆ) ಶುರುವಾದಾಗಿನಿಂದ ಆಟೊಫೋಕಸ್ ಮೋಟರ್ ಲೆನ್ಸಿನಲ್ಲೇ ಇದೆ. ಇನ್ನು ಶಟರ್. ಅದಕ್ಕೂ ಒಂದು ಆಯಸ್ಸು ಇದೆ, ಡಿ90ಗೆ ಕಂಪನಿ ಪರೀಕ್ಷೆ ಮಾಡಿ ಹೇಳಿದ್ದು ಒಂದು ಲಕ್ಷ ಕ್ಲಿಕ್. ನಿಕಾನ್ ಮತ್ತು ಪೆಂಟ್ಯಾಕ್ಸ್ ಡಿಎಸ್‌ಎಲ್‌ಆರ್‌ಗಳಲ್ಲಿ ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ ಸಾಮಾನ್ಯವಾಗಿ ಫೋಟೊ ಫೈಲಿನಲ್ಲೇ ಅಡಗಿರುತ್ತದೆ, ಮಾರುವವರಿಂದ ಅವತ್ತೇ ತೆಗೆದ, ತಿದ್ದದ ಒಂದು ಫೈಲ್ ಕೇಳಿ ಪಡೆಯಿರಿ. ಲೆನ್ಸ್ ಒಳಗೆ ಟಾರ್ಚ್ ಹಾಕಿ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್16ಕ್ಕೆ ಕಿರಿದು ಮಾಡಿ ಖಾಲಿ ಆಕಾಶದ ಫೋಟೊ ತೆಗೆದರೆ ಸೆನ್ಸರಿನ ಧೂಳೆಲ್ಲ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಧೂಳಿದ್ದರೆ ಹೆದರಬೇಡಿ. ಎಷ್ಟು ಗಾಳಿ ಊದಿದರೂ ಹೋಗದ ಗೀರು ಇದ್ದರೆ ಮಾತ್ರ ಹೆದರಬೇಕು.

ಕಾಂಪ್ಯಾಕ್ಟ್ ಕೊಳ್ಳುವವರು ಕಾರ್ಡ್ ಮತ್ತು ಬ್ಯಾಟರಿ ನೋಡಲೇಬೇಕು. ನಾನು ಹೊಗಳಿದ ಆ ಎಫ್30 ಎಕ್ಸ್‌ಡಿ ಎಂಬ ಮೆಮೊರಿ ಕಾರ್ಡ್ ಕೇಳುತ್ತದೆ. ಆ ಕಾರ್ಡ್ 2 ಜಿಬಿ ದಾಟಲೇ ಇಲ್ಲ, ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಎಸ್‌ಡಿ ಕಾರ್ಡ್ ಇದ್ದರೂ ಗಮನ ಬೇಕು. 2 ಜಿಬಿಗಿಂತ ದೊಡ್ಡ ಎಸ್‌ಡಿಎಚ್‌ಸಿ ಕಾರ್ಡ್ ಬಂದದ್ದು 2006ರಲ್ಲಿ, ಅದಕ್ಕೂ ಮೊದಲಿನ ಬಹಳಷ್ಟು ಕ್ಯಾಮೆರಾಗಳು ಅದನ್ನು ಓದುವುದೇ ಇಲ್ಲ. ಬ್ಯಾಟರಿ ವಿಷಯದಲ್ಲಿ ನನ್ನ ಸಲಹೆ, ಸಾಮಾನ್ಯ ಎಎ ಸೆಲ್ ಹಾಕುವ ಮಾಡೆಲ್ ಸಿಕ್ಕರೆ ಬಿಡಬೇಡಿ. ಕ್ಯಾನನ್ ಪವರ್‌ಶಾಟ್ ಎ ಸರಣಿಯಲ್ಲಿ ಇಂಥವು ಬೇಕಾದಷ್ಟಿವೆ, ಡಿಎಸ್‌ಎಲ್‌ಆರ್‌ನಲ್ಲಿ ಪೆಂಟ್ಯಾಕ್ಸ್ ಕೆ100ಡಿ ಇದೆ. ಚಾರ್ಜ್ ಮಾಡಬಹುದಾದ ಎಎ ಸೆಲ್ ಹಾಕಿಕೊಂಡರೆ ಬ್ಯಾಟರಿ ಸಿಗುವುದಿಲ್ಲ ಎಂಬ ಚಿಂತೆಯೇ ಇಲ್ಲ. ಕೈಗೆ ಸಿಕ್ಕ ಕೂಡಲೇ ಜೂಮ್ ಹತ್ತು ಸಲ ಮುಂದೆ ಹಿಂದೆ ಓಡಿಸಿ. ಸದ್ದು ಬದಲಾದರೆ, ಒಂದು ಕ್ಷಣ ತಡೆದರೆ, ಬೇಡ ಅನ್ನಿ.

ತಂಗಿಯ ಮಗಳಿಗೆ ನಾನು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ಫೋಟೊ ತೆಗೆಯುವುದನ್ನು ಕಲಿಯಬೇಕಾ, ಅಥವಾ ಗೆಳತಿಯರ ಜೊತೆ ಹೋದಾಗ ನೆನಪಿಗೆ ನಾಲ್ಕು ಫೋಟೊ ಇರಬೇಕಾ? ಎರಡೂ ಒಳ್ಳೆಯ ಆಸೆಗಳೇ. ಎರಡನೆಯದಾದರೆ 175 ಗ್ರಾಂನ ಎಸ್90 ಸಾಕು. ಒಂದು ದಿನ ಅದರ ಲೆನ್ಸ್ ಸಿಕ್ಕಿಕೊಳ್ಳಬಹುದು ಎಂದು ಗೊತ್ತಿಟ್ಟುಕೊಂಡೇ ಕೊಳ್ಳಬೇಕು ಅಷ್ಟೆ. ಅವಳು ಕಲಿಯಬೇಕು ಅಂದಳು. ಹಾಗಾದರೆ ಡಿ40 ತಗೋ ಅಂದೆ. ಲೆನ್ಸ್ ಸೇರಿದರೆ ಭಾರ ಮೂರು ಪಟ್ಟು ದಾಟುತ್ತದೆ, ಹೆಗಲಿಗೆ ಗೊತ್ತಾಗುತ್ತದೆ, ನಿಜ. ಆದರೆ ನಾಳೆ ಅವಳು ಒಂದು 35 ಎಂಎಂ ಎಎಫ್-ಎಸ್ ಲೆನ್ಸ್ ಕೊಂಡರೆ ಅದು ಮುಂದಿನ ಬಾಡಿಗೂ ಬರುತ್ತದೆ. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ. ಅಷ್ಟು ವರ್ಷದ ಲೆನ್ಸ್‌ಗಳು ಜಗತ್ತಿನಲ್ಲಿ ಹರಡಿಕೊಂಡಿವೆ, ಎಲ್ಲವೂ ಎಲ್ಲ ಬಾಡಿಗೂ ಹೊಂದುವುದಿಲ್ಲ, ಆದರೂ ಹುಡುಕುವವರಿಗೆ ಕೊರತೆ ಇಲ್ಲ. ಈಗ ಅವಳು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಾಳೆ, "ಮಾಮ, ಹಿಂದಿನದೆಲ್ಲ ಮಸುಕಾಗಬೇಕು ಅಂದ್ರೆ ಏನು ಮಾಡ್ಬೇಕು?" ಅಂತ. ಎಸ್90 ಕೊಂಡಿದ್ದರೆ ಈ ಪ್ರಶ್ನೆ ಅವಳಿಗೆ ಇಷ್ಟು ಬೇಗ ಬರುತ್ತಿರಲಿಲ್ಲ.

2010ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಹನ್ನೆರಡು ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಂದವು, ಬಹುಪಾಲು ಕಾಂಪ್ಯಾಕ್ಟ್‌ಗಳೇ. ಅವುಗಳಲ್ಲಿ ಎಷ್ಟೋ ಇನ್ನೂ ಬೀರುಗಳಲ್ಲೇ ಇರಬೇಕು. ನಿಮ್ಮ ಲೇಖಕರು ಮುಂದಿನ ಸಲ ಈ ವಿಷಯ ಬರೆದರೆ ಯಾವ ಕ್ಯಾಮೆರಾ ಚೆಂದ ಅನ್ನುವುದರ ಜೊತೆಗೆ ಯಾವುದನ್ನು ಬಿಚ್ಚಿ ಸರಿಮಾಡಬಹುದು ಅನ್ನುವುದನ್ನೂ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಹಳೆಯ ಕ್ಯಾಮೆರಾ ಇಟ್ಟುಕೊಂಡಿರುವ ಓದುಗರು ಇವತ್ತೇ ಅದರ ಬ್ಯಾಟರಿ ಹೊರಗೆ ತೆಗೆದು ನೋಡಿ. ಉಬ್ಬಿದ್ದರೆ ಚಾರ್ಜರ್‌ಗೆ ಹಾಕಬೇಡಿ, ಎಎ ಸೆಲ್ ಆಗಿದ್ದು ಬಿಳಿ ಪುಡಿ ಸೋರಿದ್ದರೆ ಒಣ ಬಟ್ಟೆಯಿಂದ ಒರೆಸಿ, ಎರಡೂ ಇಲ್ಲದಿದ್ದರೆ ಚಾರ್ಜ್ ಮಾಡಿ ಒಮ್ಮೆ ಆನ್ ಮಾಡಿ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ