ಹುಕುಂ ಬರುವ ತನಕ

ಗದಗ

ಚಿ. ಬಸುವಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

"ಹೋಗುವುದಾದರೆ ಹೋಗಿಬಿಡಬೇಕು ಕಾಕಾ, ಹುಕುಂಗಾಗಿ ಈ ಕಾಯುವುದು ಸಾಕಾಗಿದೆ" ಎಂದು ನೀನು ಫೋನಿನಲ್ಲಿ ಅಂದೆ. ವೈನಿ, ಅಂದರೆ ನಿನ್ನ ಅವ್ವ, ಪಕ್ಕದಲ್ಲೇ ಇದ್ದುದರಿಂದ ಆಗ ಮಾತು ಬೆಳೆಸಲಿಲ್ಲ.

ನಾನು ಸೈನ್ಯದಲ್ಲಿದ್ದಾಗ, 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆದ ಮೇಲೆ ನಮ್ಮನ್ನು ರಾಜಸ್ಥಾನದ ಗಡಿಗೆ ತಂದು ಇಳಿಸಿದರು. ಅದೇ ಆಪರೇಷನ್ ಪರಾಕ್ರಮ್. ಈ ವಾರ, ಮುಂದಿನ ವಾರ ಎನ್ನುತ್ತ ಸಂಕ್ರಾಂತಿ ಹೋಯಿತು, ಹೋಳಿ ಹುಣ್ಣಿಮೆ ಹೋಯಿತು. ಜನವರಿಯ ರಾತ್ರಿ ಬೆರಳು ಸೆಟೆಯುತ್ತಿದ್ದವು. ಜೂನಿನ ಮಧ್ಯಾಹ್ನ ಟೆಂಟಿನೊಳಗಿನ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಜಮ್ಮುವಿನ ಕಾಲೂಚಕ್‌ನಲ್ಲಿ ಉಗ್ರರು ಜವಾನರ ಹೆಂಡತಿ ಮಕ್ಕಳನ್ನು ಕೊಂದ ಸುದ್ದಿ ಬಂದಾಗ ಇನ್ನು ತಡವಿಲ್ಲ ಅಂದುಕೊಂಡೆವು. ಹುಕುಂ ಬರಲಿಲ್ಲ. ಅಕ್ಟೋಬರಿನಲ್ಲಿ ಸೈನ್ಯವನ್ನು ಹಿಂದಕ್ಕೆ ಕರೆಸುವ ತೀರ್ಮಾನವಾಯಿತು. ಯುದ್ಧವೇ ಆಗಲಿಲ್ಲ, ಆದರೂ ನೆಲಬಾಂಬು ಹೂಳುವಾಗ ಸತ್ತವರು, ಕಾಲು ಕಳೆದುಕೊಂಡವರು ಬಹಳ ಮಂದಿ. ಕಾಯುವುದೆಂದರೆ ಸುಮ್ಮನೆ ಕೂಡುವುದು ಅಂದುಕೊಳ್ಳಬೇಡ.

ಅಲ್ಲಿ ನಾನು ಕಂಡಂತೆ ಸೊರಗಿದವರು ಹೆದರಿದವರಲ್ಲ, ಮನಸ್ಸಿನಲ್ಲಿ ತಾರೀಖು ಹಾಕಿಕೊಂಡವರು. ಪ್ರತಿ ಕಂಪನಿಯಲ್ಲೂ ಒಬ್ಬನಿರುತ್ತಾನೆ. ಲಂಗರ್ ಅಡುಗೆಮನೆಯ ಮುಂದೆ ಚಹಾದ ಮಗ್ಗು ಹಿಡಿದು, ಸಾಹೇಬರ ಡ್ರೈವರನೇ ಹೇಳಿದ ಎಂದು ಸೋಮವಾರದ ಸುದ್ದಿ ತರುತ್ತಾನೆ. ಕೇಳಿ ನಕ್ಕುಬಿಡು. ಸೋಮವಾರ ಬಂದು ಹೋದ ಮೇಲೆ ಹತ್ತುವ ಬೇಸರ ಇದೆಯಲ್ಲ, ಸಂತ್ರಿಯ ಕಣ್ಣು ತಪ್ಪುವುದು ಅದರಿಂದಲೇ.

ರೈಫಲನ್ನು ದಿನವೂ ಬಿಚ್ಚು, ಹವಾಲ್ದಾರ್ ಹೇಳಲಿ ಬಿಡಲಿ. ಧೂಳಿನ ಜಾಗದಲ್ಲಿ ಎಣ್ಣೆ ಹೆಚ್ಚಾದರೆ ಅದೇ ಧೂಳನ್ನು ಹಿಡಿದು ಅಂಟುತ್ತದೆ. ಮೊದಲು ಒಣಗಿದ ಚಿಂದಿಯಿಂದ ಒರೆಸಿ, ಆಮೇಲೆ ತೆಳ್ಳಗೆ ಸವರಬೇಕು. ನಳಿಗೆಯೊಳಗೆ ಪುಲ್‌ಥ್ರೂ ಹಗ್ಗ ಎಳೆದಾಗಲೆಲ್ಲ ಚಿಂದಿಯನ್ನು ಬೆಳಕಿಗೆ ಹಿಡಿದು ನೋಡು. ಅದು ಬೆಳ್ಳಗೆ ಹೊರಬರುವ ತನಕ ಕೆಲಸ ಮುಗಿದಿಲ್ಲ. ಬೆನ್ನಿನ ಚೀಲ ಪಿಟ್ಠುವಿನಲ್ಲಿ ಯಾವುದು ಎಲ್ಲಿದೆ ಎಂಬುದು ಕಣ್ಣು ಮುಚ್ಚಿ ಕೈಯಾಡಿಸಿದರೂ ಗೊತ್ತಾಗಬೇಕು. ಅಷ್ಟು ಮಾಡಿಟ್ಟು ವಾಲಿಬಾಲ್ ಆಡಲು ಹೋಗು. ಇಸ್ಪೀಟೂ ಆಡು, ದುಡ್ಡು ಹಚ್ಚಬೇಡ.

ಎಲ್ಲಿದ್ದೀರಿ, ಎಷ್ಟು ಗಾಡಿ ಬಂದವು ಎಂದು ನಾನೇ ಕೇಳಿದರೂ ಹೇಳಬೇಡ. 2020ರಲ್ಲಿ ಸೈನ್ಯ 89 ಆ್ಯಪ್‌ಗಳನ್ನು ಸುದ್ದಿ ಸೋರುತ್ತದೆಂದು ಜವಾನರ ಮೊಬೈಲಿನಿಂದ ತೆಗೆಸಿದ್ದು ಸುಮ್ಮನೆ ಅಲ್ಲ. ವೈನಿಗೆ ಊಟದ ಸುದ್ದಿ ಹೇಳು. ಪೂರಿ ಎಣ್ಣೆ ಕುಡಿದಿತ್ತು, ದಾಲ್‌ಗೆ ಉಪ್ಪಿರಲಿಲ್ಲ ಎಂದು ದೂರು ಹೇಳಿದರೆ ಇನ್ನೂ ಒಳ್ಳೆಯದು. ಮಗ ಅಡುಗೆಗೆ ಹೆಸರಿಡುತ್ತಿದ್ದಾನೆ ಎಂದರೆ ಆರಾಮಾಗಿದ್ದಾನೆ ಎಂದೇ ಅವರ ಲೆಕ್ಕ. ಹೊಲದ ಉಸಾಬರಿ ನಿನಗೆ ಬೇಡ. ಹೆಸರು ಬಿತ್ತುವುದೋ ಶೇಂಗಾ ಹಾಕುವುದೋ ಅಣ್ಣ ನೋಡಿಕೊಳ್ಳುತ್ತಾನೆ. ನಿನ್ನ ಸಲಹೆ ಕೇಳಿ ಅವನು ಯಾವಾಗ ಬಿತ್ತಿದ್ದಾನೆ?

ಇನ್ನು ಒಂದು ಕೆಲಸವನ್ನು ಈ ವಾರವೇ ಮುಗಿಸು. ಮದುವೆಯಾಗಿ ವರ್ಷವಾಗುತ್ತ ಬಂತು. ಮನೆಯವರ ವಿವರ ದಾಖಲಿಸುವ ಪಾರ್ಟ್ ಟು ಆರ್ಡರ್ ಆಗಿ ಸೊಸೆಯ ಹೆಸರು ನಿನ್ನ ಸರ್ವಿಸ್ ದಾಖಲೆಗೆ ಸೇರಿದೆಯೇ? ವಿಮೆಯ ನಾಮಿನಿ ಇನ್ನೂ ವೈನಿಯ ಹೆಸರಿನಲ್ಲೇ ಇದೆಯೋ ಏನೋ. ಕ್ಲರ್ಕ್ ಪಕ್ಕದಲ್ಲಿ ಕೂತು ನಿನ್ನ ಕಣ್ಣಿಂದಲೇ ನೋಡು. ಅಪಶಕುನ ನುಡಿಯುತ್ತಿದ್ದಾನೆ ಕಾಕಾ ಅನ್ನಬೇಡ. ಹೆಸರು ಸೇರದೆ ಪಿಂಚಣಿಗಾಗಿ ಅಲೆದ ಹೆಣ್ಣುಮಕ್ಕಳ ಅರ್ಜಿಗಳನ್ನು ನಾನೇ ಬರೆದುಕೊಟ್ಟಿದ್ದೇನೆ. ಹೊರಡುವ ದಿನ ಯಾವ ಕ್ಲರ್ಕೂ ಕೈಗೆ ಸಿಗುವುದಿಲ್ಲ. ಮದುವೆ ನೋಂದಣಿ ಪತ್ರದ ನಕಲು ಬೇಕಿದ್ದರೆ ತಿಳಿಸು, ಮರುದಿನವೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ಇಂತಿ,
ನಿನ್ನ ಕಾಕಾ